ಡೆಸ್ಕ್‌ಟಾಪ್ ಆಯ್ದುಕೊಳ್ಳುವ ಮುನ್ನ: ಎಕ್ಸ್11, ವೇಲ್ಯಾಂಡ್ ಮತ್ತು ಅವುಗಳ ಮೇಲಿನ ಪರಿಸರಗಳು

ಲಿನಕ್ಸ್ ಅಳವಡಿಸಿದ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಕೊಡುವ ಮುನ್ನ ಲಾಗಿನ್ ಪರದೆಯ ಮೂಲೆಯಲ್ಲಿರುವ ಸಣ್ಣ ಗುರುತೊಂದನ್ನು ಒತ್ತಿದರೆ ಒಂದು ಪಟ್ಟಿ ತೆರೆದುಕೊಳ್ಳುತ್ತದೆ. ‘ಪ್ಲಾಸ್ಮಾ (ವೇಲ್ಯಾಂಡ್)’, ‘ಪ್ಲಾಸ್ಮಾ (ಎಕ್ಸ್11)’, ‘ಗ್ನೋಮ್’, ‘ಎಕ್ಸ್‌ಎಫ್‌ಸಿಇ’ ಎಂಬಂಥ ಹೆಸರುಗಳು ಅದರಲ್ಲಿರುತ್ತವೆ. ಈ ಪಟ್ಟಿಯ ಒಂದೊಂದು ಸಾಲಿನಲ್ಲೂ ಎರಡು ಬೇರೆ ಸಂಗತಿಗಳು ಬೆರೆತಿವೆ. ಪರದೆಯ ಮೇಲೆ ಚಿತ್ರ ಮೂಡಿಸುವ ವ್ಯವಸ್ಥೆ (ಎಕ್ಸ್11 ಅಥವಾ ವೇಲ್ಯಾಂಡ್) ಯಾವುದು ಎಂಬುದು ಒಂದು. ಅದರ ಮೇಲೆ ನಿಂತ ಡೆಸ್ಕ್‌ಟಾಪ್ ಪರಿಸರ (ಪ್ಲಾಸ್ಮಾ, ಗ್ನೋಮ್ ಮುಂತಾದವು) ಯಾವುದು ಎಂಬುದು ಇನ್ನೊಂದು. ಇಪ್ಪತ್ತು ವರ್ಷಗಳ ಹಿಂದೆ ಇವೆರಡನ್ನೂ ಪ್ರತ್ಯೇಕವಾಗಿ ಯೋಚಿಸಬಹುದಾಗಿತ್ತು. ಈಗ ಹಾಗಿಲ್ಲ. ಡೆಸ್ಕ್‌ಟಾಪ್ ಆಯ್ದುಕೊಂಡವರು ಪರದೆಯ ವ್ಯವಸ್ಥೆಯನ್ನೂ, ಅದರ ಇತಿಮಿತಿಗಳನ್ನೂ ಒಟ್ಟಿಗೇ ಆಯ್ದುಕೊಂಡಂತಾಗುತ್ತದೆ. ಸ್ಕ್ರೀನ್‌ಶಾಟ್ ನೋಡಿ ಡೆಸ್ಕ್‌ಟಾಪ್ ಆರಿಸುವವರಿಗೆ ಆಮೇಲೆ ಎದುರಾಗುವ ತೊಂದರೆಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ.

ಮೊದಲು ಪದರಗಳನ್ನು ಬಿಡಿಸಿಕೊಳ್ಳೋಣ. ತಳದಲ್ಲಿ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್ ಇದೆ. ಗ್ರಾಫಿಕ್ಸ್ ಕಾರ್ಡಿನ ಡ್ರೈವರ್, ಮಾನಿಟರಿನ ರೆಸಲ್ಯೂಶನ್ ನಿಗದಿ, ಕೀಲಿಮಣೆ ಮತ್ತು ಮೌಸಿನಿಂದ ಬರುವ ಸಂಕೇತಗಳು ಅದರ ಹೊಣೆ. ಅದರ ಮೇಲೆ ಡಿಸ್‌ಪ್ಲೇ ಸರ್ವರ್. ಯಾವ ತಂತ್ರಾಂಶದ ಕಿಟಕಿ ಪರದೆಯ ಯಾವ ಭಾಗದಲ್ಲಿ ಕಾಣಬೇಕು, ಒತ್ತಿದ ಕೀಲಿ ಯಾರಿಗೆ ತಲುಪಬೇಕು ಎಂಬ ವ್ಯವಹಾರವನ್ನು ಅದು ನೋಡಿಕೊಳ್ಳುತ್ತದೆ. ಕಿಟಕಿಗಳಿಗೆ ಅಂಚು ಹಾಕಿ, ಸರಿಸಲು, ಹಿಗ್ಗಿಸಲು, ಮುಚ್ಚಲು ಅನುವು ಮಾಡಿಕೊಡುವುದು ವಿಂಡೋ ಮ್ಯಾನೇಜರ್. ಎಲ್ಲ ಕಿಟಕಿಗಳ ಚಿತ್ರಗಳನ್ನೂ ಒಟ್ಟುಗೂಡಿಸಿ, ನೆರಳು ಮತ್ತು ಪಾರದರ್ಶಕತೆಯ ಸಮೇತ ಒಂದೇ ಅಂತಿಮ ಚಿತ್ರವನ್ನಾಗಿ ಜೋಡಿಸುವುದು ಕಂಪಾಸಿಟರ್. ಇವೆಲ್ಲದರ ಮೇಲೆ ಪ್ಯಾನಲ್, ಮೆನು, ಫೈಲ್ ಮ್ಯಾನೇಜರ್, ಸೆಟ್ಟಿಂಗ್ಸ್, ಅಧಿಸೂಚನೆಗಳನ್ನು ಒಂದೇ ವಿನ್ಯಾಸದಲ್ಲಿ ಕಟ್ಟಿಕೊಡುವ ಡೆಸ್ಕ್‌ಟಾಪ್ ಪರಿಸರ. ಈ ಪದರಗಳಲ್ಲಿ ಯಾವುದು ಯಾವುದರೊಳಗೆ ಸೇರಿಕೊಂಡಿದೆ ಎಂಬುದರಲ್ಲೇ ಎಕ್ಸ್ ಮತ್ತು ವೇಲ್ಯಾಂಡ್‌ಗಳ ಮುಖ್ಯ ವ್ಯತ್ಯಾಸವಿದೆ.

ಎಕ್ಸ್: ಎಲ್ಲರಿಗೂ ಒಂದೇ ಸರ್ವರ್

ಎಕ್ಸ್ ವಿಂಡೋ ಸಿಸ್ಟಮ್ 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ, ಪ್ರಾಜೆಕ್ಟ್ ಅಥೀನಾ ಎಂಬ ಯೋಜನೆಯ ಆಸರೆಯಲ್ಲಿ ಆರಂಭವಾಯಿತು. ಬಾಬ್ ಶೈಫ್ಲರ್ ಮತ್ತು ಜಿಮ್ ಗೆಟಿಸ್ ಅದರ ಮೊದಲ ರೂವಾರಿಗಳು. ಅದರ ಹನ್ನೊಂದನೆಯ ಆವೃತ್ತಿಯಾದ ಎಕ್ಸ್11 ಬಂದದ್ದು 1987ರಲ್ಲಿ. ಮೂಲ ಪ್ರೋಟೋಕಾಲ್ (ತಂತ್ರಾಂಶಗಳು ಪರಸ್ಪರ ಮಾತಾಡುವ ನಿಯಮಗಳು) ಈಗಲೂ ಅದೇ. ಇಷ್ಟು ದೀರ್ಘಕಾಲ ಉಳಿದ ತಂತ್ರಾಂಶ ವಿನ್ಯಾಸಗಳು ಹೆಚ್ಚಿಲ್ಲ. ಉಚಿತ ಯುನಿಕ್ಸ್ ಬಳಗದಲ್ಲಿ ಬಹುಕಾಲ ಬಳಕೆಯಲ್ಲಿದ್ದ ಎಕ್ಸ್‌ಫ್ರೀ86 ಎಂಬ ರೂಪ 2004ರಲ್ಲಿ ತನ್ನ ಪರವಾನಗಿಯನ್ನು ಬದಲಿಸಿದಾಗ ಅದರಿಂದ ಕವಲೊಡೆದ ಎಕ್ಸ್.ಆರ್ಗ್ ಸರ್ವರನ್ನೇ ಬಹುತೇಕ ಎಲ್ಲ ಡಿಸ್ಟ್ರೊಗಳೂ (ಉಬುಂಟು, ಫೆಡೋರಾದಂಥ ಲಿನಕ್ಸ್ ವಿತರಣೆಗಳು) ಒಪ್ಪಿಕೊಂಡವು.

ಎಕ್ಸ್ ಕಟ್ಟಿದವರು ಒಂದು ನಿಲುವಿಗೆ ಅಂಟಿಕೊಂಡಿದ್ದರು: ಚಿತ್ರ ಬಿಡಿಸುವ ಸೌಲಭ್ಯವನ್ನು ಒದಗಿಸುವುದಷ್ಟೇ ಸರ್ವರಿನ ಕೆಲಸ, ಕಿಟಕಿಗಳು ಹೇಗಿರಬೇಕು ಎಂದು ತೀರ್ಮಾನಿಸುವುದು ಅದರ ಕೆಲಸವಲ್ಲ. ಹೀಗಾಗಿ ವಿಂಡೋ ಮ್ಯಾನೇಜರ್ ಎಂಬುದು ಸರ್ವರಿನ ಹೊರಗೆ, ಉಳಿದ ತಂತ್ರಾಂಶಗಳಂತೆಯೇ ಒಂದು ಸಾಮಾನ್ಯ ಗ್ರಾಹಕ ತಂತ್ರಾಂಶವಾಗಿ ಉಳಿಯಿತು. ಒಂದನ್ನು ನಿಲ್ಲಿಸಿ ಇನ್ನೊಂದನ್ನು ಓಡಿಸಿದರೂ ತೆರೆದಿರುವ ಕಿಟಕಿಗಳು ಮುಚ್ಚುವುದಿಲ್ಲ. ಮುಕ್ತ ತಂತ್ರಾಂಶ ಲೋಕದಲ್ಲಿ ಇಷ್ಟೊಂದು ಬಗೆಯ ಡೆಸ್ಕ್‌ಟಾಪ್‌ಗಳು ಹುಟ್ಟಲು ಈ ನಿಲುವೇ ಮೂಲ ಕಾರಣ: ಕಷ್ಟದ ಕೆಲಸವನ್ನೆಲ್ಲ ಸಾಮಾನ್ಯ ಸರ್ವರ್ ಹೊತ್ತುಕೊಂಡಿದ್ದರಿಂದ, ಒಬ್ಬಿಬ್ಬರು ಬಿಡುವಿನಲ್ಲಿ ಕುಳಿತು ಹೊಸ ವಿಂಡೋ ಮ್ಯಾನೇಜರ್ ಬರೆಯುವುದು ಸಾಧ್ಯವಿತ್ತು. ಇನ್ನೊಂದು ವರವೆಂದರೆ ಜಾಲದ ಮೂಲಕ ಕೆಲಸ. ದೂರದ ಯಂತ್ರದಲ್ಲಿ ಓಡುತ್ತಿರುವ ತಂತ್ರಾಂಶದ ಕಿಟಕಿಯನ್ನು ತಮ್ಮ ಮುಂದಿನ ಪರದೆಯಲ್ಲಿ ತೆರೆಯುವುದು ಎಕ್ಸ್ ಬಳಸುವವರಿಗೆ ಎಂದಿನಿಂದಲೂ ಸಹಜ ಸಂಗತಿ.

ಆದರೆ ಒಬ್ಬರನ್ನೊಬ್ಬರು ನಂಬುವ ಕಾಲದ ವಿನ್ಯಾಸ ಅದು. ಎಕ್ಸ್ ಅಧಿವೇಶನದಲ್ಲಿ (ಅಂದರೆ ಎಕ್ಸ್ ಆರಿಸಿ ಲಾಗಿನ್ ಆದಾಗ) ಆದೇಶಗಳನ್ನು ಟೈಪ್ ಮಾಡುವ ಟರ್ಮಿನಲ್ ತೆರೆದು, ‘ಎಕ್ಸ್‌ಇನ್‌ಪುಟ್’ ಎಂಬ ಪುಟ್ಟ ಸಲಕರಣೆಗೆ ಕೀಲಿಮಣೆಯನ್ನು ಗಮನಿಸುವಂತೆ ಸೂಚಿಸಿ, ಆಮೇಲೆ ಬ್ರೌಸರಿಗೆ ಹೋಗಿ ಪಾಸ್‌ವರ್ಡ್ ಟೈಪ್ ಮಾಡಿ ನೋಡಿ. ಬ್ರೌಸರಿನಲ್ಲಿ ಚುಕ್ಕಿಗಳಷ್ಟೇ ಕಾಣುತ್ತಿರುವಾಗ, ಹಿಂದಿನ ಟರ್ಮಿನಲ್ಲಿನಲ್ಲಿ ಒತ್ತಿದ ಪ್ರತಿ ಕೀಲಿಯ ಸಂಖ್ಯೆಯೂ ಸಾಲಾಗಿ ಇಳಿಯುತ್ತಿರುತ್ತದೆ. ಲ್ಯಾಟಿನ್ ಲಿಪಿಯ ಮೊದಲ ಅಕ್ಷರದ ಕೀಲಿಗೆ ಸಾಮಾನ್ಯವಾಗಿ 38. ಇದಕ್ಕೆ ಆಡಳಿತಗಾರರ ಅನುಮತಿ ಬೇಕಿಲ್ಲ, ಯಾವ ಎಚ್ಚರಿಕೆಯೂ ಮೂಡುವುದಿಲ್ಲ. ಒಂದೇ ಸರ್ವರಿಗೆ ಸೇರಿದ ಯಾವುದೇ ತಂತ್ರಾಂಶ ಇನ್ನೊಂದರ ಕೀಲಿಗಳನ್ನು ಕೇಳಿಸಿಕೊಳ್ಳಬಹುದು, ಅದರ ಕಿಟಕಿಯ ಚಿತ್ರವನ್ನು ತೆಗೆಯಬಹುದು. ಪರದೆಗೆ ಬೀಗ ಹಾಕುವ ತಂತ್ರಾಂಶವೂ ಎಕ್ಸ್‌ನಲ್ಲಿ ಇನ್ನೊಂದು ಕಿಟಕಿ ಮಾತ್ರವಾಗಿದೆ. ಯಾವುದೋ ಮೆನು ತೆರೆದಿದ್ದು ಕೀಲಿಮಣೆಯನ್ನು ತನ್ನ ಹಿಡಿತದಲ್ಲಿ ಇಟ್ಟುಕೊಂಡಿದ್ದರೆ, ನಿಗದಿತ ಸಮಯ ಕಳೆದರೂ ಬೀಗ ಬೀಳದೆ ಹೋಗುವುದುಂಟು.

ಇನ್ನೊಂದು ತೊಡಕು ಮಾನಿಟರುಗಳದ್ದು. ಎಕ್ಸ್ ಎಲ್ಲ ಮಾನಿಟರುಗಳನ್ನೂ ಹೊಂದಿಸಿ ಒಂದೇ ದೊಡ್ಡ ಹಾಳೆಯೆಂದು ಭಾವಿಸುತ್ತದೆ. 3840×2160 ಚುಕ್ಕಿಗಳ ಲ್ಯಾಪ್‌ಟಾಪ್ ಪರದೆಯ ಪಕ್ಕದಲ್ಲಿ 1920×1080ರ ಹಳೆಯ ಮಾನಿಟರ್ ಇಟ್ಟವರಿಗೆ ಇದರ ಫಲ ತಕ್ಷಣ ತಿಳಿಯುತ್ತದೆ: ಒಂದರಲ್ಲಿ ಅಕ್ಷರ ಸರಿಯೆನಿಸಿದರೆ ಇನ್ನೊಂದರಲ್ಲಿ ಇರುವೆಯಷ್ಟಾಗುತ್ತದೆ ಅಥವಾ ಊದಿಕೊಳ್ಳುತ್ತದೆ. ಉಪಾಯಗಳಿವೆ, ಆದರೆ ಅವೆಲ್ಲ ಉಪಾಯಗಳೇ.

ವೇಲ್ಯಾಂಡ್: ಸರ್ವರ್ ಡೆಸ್ಕ್‌ಟಾಪಿನೊಳಗೆ

ಕಾಲ ಸರಿದಂತೆ ಎಕ್ಸ್ ಸರ್ವರಿನ ಕೆಲಸಗಳು ಒಂದೊಂದಾಗಿ ಬೇರೆಡೆಗೆ ಹೋದವು. ಪರದೆಯ ನಿಗದಿ ಕರ್ನಲ್ಲಿಗೆ, ಅಕ್ಷರ ಮೂಡಿಸುವುದು ಗುಂಡಿ, ಮೆನುಗಳನ್ನು ಬಿಡಿಸಿಕೊಡುವ ಟೂಲ್‌ಕಿಟ್‌ಗಳಿಗೆ, ಅಂತಿಮ ಚಿತ್ರದ ಜೋಡಣೆ ಕಂಪಾಸಿಟರಿಗೆ. ಕೊನೆಗೆ ಸರ್ವರ್ ಎಂಬುದು ತಂತ್ರಾಂಶ ಮತ್ತು ಕಂಪಾಸಿಟರ್ ನಡುವೆ ಸಂದೇಶಗಳನ್ನು ಅತ್ತಿತ್ತ ಸಾಗಿಸುವ ಮಧ್ಯವರ್ತಿಯಾಗಿ ಉಳಿಯಿತು. ಈ ಮಧ್ಯವರ್ತಿ ಏಕೆ ಬೇಕು ಎಂಬ ಪ್ರಶ್ನೆಯಿಂದಲೇ 2008ರಲ್ಲಿ ಕ್ರಿಸ್ಟಿಯನ್ ಹೊಗ್ಸ್‌ಬರ್ಗ್ ವೇಲ್ಯಾಂಡ್ ಆರಂಭಿಸಿದರು. ಅದರ 1.0 ಆವೃತ್ತಿ 2012ರಲ್ಲಿ ಬಂತು.

ವೇಲ್ಯಾಂಡ್ ಎಂಬುದು ಅಳವಡಿಸಿಕೊಂಡು ಓಡಿಸುವ ಒಂದು ಸರ್ವರ್ ಅಲ್ಲ ಎಂಬುದನ್ನು ಒತ್ತಿ ಹೇಳಬೇಕು. ಅದು ತಂತ್ರಾಂಶಗಳೂ ಕಂಪಾಸಿಟರೂ ಪರಸ್ಪರ ಮಾತಾಡಬೇಕಾದ ಬಗೆಯನ್ನು ವಿವರಿಸುವ ಪ್ರೋಟೋಕಾಲ್ ಮಾತ್ರ. ಅದನ್ನು ಜಾರಿಗೆ ತರುವ ಸರ್ವರನ್ನು ಪ್ರತಿ ಡೆಸ್ಕ್‌ಟಾಪೂ ತಾನೇ ಬರೆದುಕೊಳ್ಳಬೇಕು. ಗ್ನೋಮ್‌ನಲ್ಲಿ ಆ ಕೆಲಸ ಮಟರ್‌ನದ್ದು, ಕೆಡಿಇ ಪ್ಲಾಸ್ಮಾದಲ್ಲಿ ಕೆವಿನ್‌ನದ್ದು. ಸ್ವೇಯಂಥ ಸಣ್ಣ ಯೋಜನೆಗಳು ಡಬ್ಲ್ಯುಎಲ್‌ರೂಟ್ಸ್ ಎಂಬ ಸಾಮಾನ್ಯ ಕೋಡ್ ಸಂಗ್ರಹವನ್ನು ಆಧರಿಸಿವೆ. ಡಿಸ್‌ಪ್ಲೇ ಸರ್ವರ್, ವಿಂಡೋ ಮ್ಯಾನೇಜರ್, ಕಂಪಾಸಿಟರ್ ಎಂಬ ಮೂರು ಪದರಗಳು ಇಲ್ಲಿ ಒಂದಾದವು.

ಇದರಿಂದ ಆದ ಲಾಭಗಳು ಮೇಲೆ ಹೇಳಿದ ದೋಷಗಳಿಗೆ ನೇರ ಉತ್ತರ. ಕೀಲಿಗಳು ಎದುರಿಗಿರುವ ಕಿಟಕಿಗೆ ಮಾತ್ರ ತಲುಪುತ್ತವೆ. ಬೀಗವನ್ನು ಕಂಪಾಸಿಟರೇ ಹಿಡಿದಿರುತ್ತದೆ. ಪ್ರತಿ ಮಾನಿಟರಿಗೂ ಪ್ರತ್ಯೇಕ ಅಳತೆ ಕೊಡಬಹುದು, ಶೇ. 125, ಶೇ. 150ರಂಥ ನಡುವಿನ ಅಳತೆಗಳಿಗೆ ಬೇಕಾದ ಪ್ರೋಟೋಕಾಲ್ 2022ರಲ್ಲಿ ಸೇರಿತು. ಎಚ್‌ಡಿಆರ್ (ಬೆಳಕು-ನೆರಳಿನ ಹೆಚ್ಚಿನ ವ್ಯಾಪ್ತಿಯ ಚಿತ್ರ) ಬೆಂಬಲವೂ ಈ ಬದಿಯಲ್ಲೇ ಬೆಳೆಯುತ್ತಿದೆ, ಎಕ್ಸ್.ಆರ್ಗ್‌ನಲ್ಲಿ ಅದಿಲ್ಲ.

ನಷ್ಟಗಳೂ ಅದೇ ವಿನ್ಯಾಸದಿಂದಲೇ ಬಂದವು. ಒಂದರ ಪರದೆಯನ್ನು ಇನ್ನೊಂದು ನೋಡಬಾರದು ಎಂದರೆ ಸಭೆಯಲ್ಲಿ ಪರದೆ ಹಂಚಿಕೊಳ್ಳುವ ತಂತ್ರಾಂಶವೂ ನೋಡುವಂತಿಲ್ಲ. ಇದಕ್ಕಾಗಿ ‘ಪೋರ್ಟಲ್’ ಎಂಬ ಮಧ್ಯದ ಏರ್ಪಾಟು ಮತ್ತು ಪೈಪ್‌ವೈರ್ ಎಂಬ ಮಾಧ್ಯಮ ಸೇವೆ ಬಂದವು. ಈಗ ಬ್ರೌಸರಿನಲ್ಲಿ ‘ಪರದೆ ಹಂಚಿಕೊಳ್ಳಿ’ ಎಂದು ಒತ್ತಿದರೆ, ಯಾವ ಮಾನಿಟರ್ ಅಥವಾ ಯಾವ ಕಿಟಕಿ ಎಂದು ಡೆಸ್ಕ್‌ಟಾಪೇ ಒಂದು ಪೆಟ್ಟಿಗೆ ತೆರೆದು ಕೇಳುತ್ತದೆ. ಬಳಕೆದಾರರು ತೋರಿಸಿದ್ದಷ್ಟೇ ಬ್ರೌಸರಿಗೆ ಸಿಗುತ್ತದೆ. ಸರಿಯಾದ ವ್ಯವಸ್ಥೆಯೇ, ಆದರೆ ಇದು ನೆಲೆಗೊಳ್ಳಲು ವರ್ಷಗಳು ಹಿಡಿದವು. ಮೌಸ್ ಚಲನೆಯನ್ನೂ ಕೀಲಿಗಳನ್ನೂ ಅನುಕರಿಸಿ ಕೆಲಸಗಳನ್ನು ಯಾಂತ್ರೀಕರಿಸುವ ಎಕ್ಸ್‌ಡೂಟೂಲ್‌ನಂಥ ಹಳೆಯ ಸಲಕರಣೆಗಳು ಇಲ್ಲಿ ಮೊದಲಿನಂತೆ ನಡೆಯುವುದಿಲ್ಲ. ಇನ್ನು, ಸರ್ವರೂ ವಿಂಡೋ ಮ್ಯಾನೇಜರೂ ಒಂದೇ ಆದ್ದರಿಂದ ಕಂಪಾಸಿಟರ್ ಕುಸಿದರೆ ತೆರೆದಿದ್ದ ತಂತ್ರಾಂಶಗಳೂ ಅದರೊಂದಿಗೆ ಹೋಗುವ ಅಪಾಯವಿದೆ. ಕ್ಯೂಟಿ ಎಂಬ ಟೂಲ್‌ಕಿಟ್ ಬಳಸಿ ಬರೆದ ತಂತ್ರಾಂಶಗಳನ್ನು ಇಂಥ ಕುಸಿತದಿಂದ ಉಳಿಸುವ ಏರ್ಪಾಟನ್ನು ಪ್ಲಾಸ್ಮಾ 6 ತಂದಿದೆ.

ಎಲ್ಲಕ್ಕಿಂತ ಮುಖ್ಯ ಪರಿಣಾಮ ಇದು: ‘ವೇಲ್ಯಾಂಡ್‌ನಲ್ಲಿ ಈ ಸೌಲಭ್ಯ ಇದೆಯೇ’ ಎಂಬ ಪ್ರಶ್ನೆಗೆ ಒಂದೇ ಉತ್ತರ ಇರುವುದಿಲ್ಲ. ‘ಯಾವ ಡೆಸ್ಕ್‌ಟಾಪಿನಲ್ಲಿ’ ಎಂದು ಮರುಪ್ರಶ್ನೆ ಹಾಕಬೇಕು. ಕಿಟಕಿಯ ಶೀರ್ಷಿಕೆ ಪಟ್ಟಿಯನ್ನೇ ನೋಡಿ. ಅದನ್ನು ತಂತ್ರಾಂಶವೇ ಬಿಡಿಸಿಕೊಳ್ಳಬೇಕು ಎಂಬುದು ಗ್ನೋಮ್‌ನ ನಿಲುವು. ಬೇಕಿದ್ದರೆ ತಾನು ಬಿಡಿಸಿಕೊಡುತ್ತೇನೆ ಎನ್ನುವುದು ಪ್ಲಾಸ್ಮಾ. ಅದೇ ತಂತ್ರಾಂಶ, ಅದೇ ವೇಲ್ಯಾಂಡ್, ಆದರೂ ಕಿಟಕಿಯ ಅಂಚು ಎರಡು ಕಡೆ ಎರಡು ಬಗೆ. ಹೊರಗಿನವರು ಬರೆದ ಪ್ಯಾನಲ್ಲುಗಳನ್ನು ಪರದೆಯ ಅಂಚಿಗೆ ಕೂರಿಸಲು ಬಳಕೆಯಾಗುವ ಒಂದು ವಿಸ್ತರಣೆಯನ್ನು ಪ್ಲಾಸ್ಮಾ ಮತ್ತು ಸ್ವೇ ಒಪ್ಪಿಕೊಂಡಿವೆ, ಗ್ನೋಮ್ ಒಪ್ಪಿಲ್ಲ.

ಎಕ್ಸ್‌ಗಾಗಿಯೇ ಬರೆದ ಹಳೆಯ ತಂತ್ರಾಂಶಗಳ ಗತಿಯೇನು ಎಂಬ ಆತಂಕ ಬೇಡ. ಎಕ್ಸ್‌ವೇಲ್ಯಾಂಡ್ ಎಂಬ ಸೇತುವೆ ವೇಲ್ಯಾಂಡ್ ಅಧಿವೇಶನದ ಒಳಗೇ ಒಂದು ಎಕ್ಸ್ ಸರ್ವರನ್ನು ಓಡಿಸಿ ಅವನ್ನು ತೋರಿಸುತ್ತದೆ. ಅಳತೆ ಹಿಗ್ಗಿಸಿದ ಪರದೆಯಲ್ಲಿ ಕೆಲವು ಸ್ವಲ್ಪ ಮಸುಕಾಗಿ ಕಂಡಾವು, ಅಷ್ಟೇ.

ಗಾಳಿ ಬೀಸುತ್ತಿರುವ ದಿಕ್ಕು

ಫೆಡೋರಾ ತನ್ನ 25ನೇ ಆವೃತ್ತಿಯಲ್ಲಿ, 2016ರಲ್ಲೇ ಗ್ನೋಮ್‌ನ ವೇಲ್ಯಾಂಡ್ ಅಧಿವೇಶನವನ್ನು ಮೊದಲ ಆಯ್ಕೆಯಾಗಿಸಿತು. ಉಬುಂಟು 17.10ರಲ್ಲಿ ಮುಂದಡಿಯಿಟ್ಟು, 18.04ರಲ್ಲಿ ಹಿಂದೆ ಸರಿದು, 21.04ರಲ್ಲಿ ಮತ್ತೆ ವೇಲ್ಯಾಂಡ್‌ಗೆ ಬಂತು. ಇದರ ನಡುವೆ ಉಬುಂಟುವಿನ ಹಿಂದಿರುವ ಕ್ಯಾನೊನಿಕಲ್ ಸಂಸ್ಥೆ 2013ರಲ್ಲಿ ಘೋಷಿಸಿದ ಮಿರ್ ಎಂಬ ಮೂರನೆಯ ದಾರಿ ಡೆಸ್ಕ್‌ಟಾಪಿನ ಮಟ್ಟಿಗೆ 2017ರಲ್ಲಿ ಮುಚ್ಚಿಹೋಯಿತು. 2024ರ ಫೆಬ್ರವರಿಯಲ್ಲಿ ಬಂದ ಪ್ಲಾಸ್ಮಾ 6 ವೇಲ್ಯಾಂಡನ್ನೇ ಮೊದಲ ಆಯ್ಕೆಯಾಗಿಸಿತು. 2025ರಲ್ಲಿ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10 ಎಕ್ಸ್.ಆರ್ಗ್ ಸರ್ವರನ್ನೇ ಕೈಬಿಟ್ಟು ಎಕ್ಸ್‌ವೇಲ್ಯಾಂಡ್ ಮಾತ್ರ ಉಳಿಸಿಕೊಂಡಿತು; ಅದೇ ವರ್ಷ ಗ್ನೋಮ್ 49 ಎಕ್ಸ್11 ಅಧಿವೇಶನವನ್ನು ಪೂರ್ವನಿಯೋಜಿತವಾಗಿ ನಿಷ್ಕ್ರಿಯಗೊಳಿಸಿತು. ಹೀಗಿರುವಾಗ ಗ್ನೋಮ್ ಅಥವಾ ಪ್ಲಾಸ್ಮಾ ಬಳಸುವವರು ಎಕ್ಸ್‌ನಲ್ಲೇ ಉಳಿಯುತ್ತೇವೆ ಎಂದು ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ. ಎಕ್ಸ್ ಬೇಕೇ ಬೇಕು ಎನ್ನುವ ನಿಜವಾದ ಕಾರಣ ಇದ್ದವರು ಡೆಸ್ಕ್‌ಟಾಪನ್ನೇ ಬದಲಿಸಬೇಕಾಗುತ್ತದೆ.

ಗ್ರಾಫಿಕ್ಸ್ ಕಾರ್ಡಿನ ಮಾತನ್ನೂ ಇಲ್ಲೇ ಮುಗಿಸಬಹುದು. ಇಂಟೆಲ್ ಮತ್ತು ಎಎಂಡಿ ಬಳಸುವವರಿಗೆ ಮುಕ್ತ ಡ್ರೈವರುಗಳು ಡಿಸ್ಟ್ರೊ ಜೊತೆಯಲ್ಲೇ ಬರುವುದರಿಂದ ಹೆಚ್ಚಿನ ಚಿಂತೆಯಿಲ್ಲ. ಎನ್ವಿಡಿಯಾದ ಖಾಸಗಿ ಡ್ರೈವರ್ ಮಾತ್ರ ಬಹುಕಾಲ ಬೇರೆಯದೇ ವಿಧಾನಕ್ಕೆ ಜೋತುಬಿದ್ದಿತ್ತು. 2021ರ 495ನೇ ಸರಣಿಯಲ್ಲಿ ಉಳಿದವರ ದಾರಿಗೆ ಬಂತು, 2024ರ 555ನೇ ಸರಣಿಯಲ್ಲಿ ಚಿತ್ರ ಮಿನುಗುವ ಹಳೆಯ ಕಾಟಕ್ಕೆ ಮದ್ದು ಸಿಕ್ಕಿತು. ಈ ಸರಣಿಗಳ ಬೆಂಬಲ ಸಿಗದ ಹಳೆಯ ಎನ್ವಿಡಿಯಾ ಕಾರ್ಡ್ ಇದ್ದವರಿಗೆ ಎಕ್ಸ್ ಆಧಾರಿತ ಡೆಸ್ಕ್‌ಟಾಪೇ ಇಂದಿಗೂ ನಿರಾತಂಕದ ಆಯ್ಕೆ. ಲಿನಕ್ಸ್‌ನಂತೆಯೇ ಯುನಿಕ್ಸ್ ಬಳಗಕ್ಕೆ ಸೇರಿದ ಬಿಎಸ್‌ಡಿಗಳ ವಿಷಯ ಸ್ವಲ್ಪ ಬೇರೆ: ಫ್ರೀಬಿಎಸ್‌ಡಿಯಲ್ಲಿ ವೇಲ್ಯಾಂಡ್ ಲಭ್ಯವಿದೆ, ಓಪನ್‌ಬಿಎಸ್‌ಡಿ ಝೆನೊಕಾರಾ ಎಂಬ ತನ್ನದೇ ಎಕ್ಸ್ ರೂಪವನ್ನು ಮೂಲ ವ್ಯವಸ್ಥೆಯ ಭಾಗವಾಗಿಯೇ ಕಾಪಾಡಿಕೊಂಡು ಬಂದಿದೆ.

ಯಾವ ಪರಿಸರ, ಯಾರಿಗೆ

ಪ್ಲಾಸ್ಮಾವನ್ನು ರೂಪಿಸುವ ಕೆಡಿಇ ಯೋಜನೆ 1996ರಲ್ಲಿ ಮತ್ತಿಯಾಸ್ ಎಟ್ರಿಶ್ ಅವರ ಕರೆಯಿಂದ ಹುಟ್ಟಿತು. ಅದು ಆಧರಿಸಿದ್ದ ಕ್ಯೂಟಿ ಟೂಲ್‌ಕಿಟ್ಟಿನ ಪರವಾನಗಿ ಆಗ ಪೂರ್ಣ ಮುಕ್ತವಾಗಿರಲಿಲ್ಲ ಎಂಬ ಅಸಮಾಧಾನದಿಂದ 1997ರಲ್ಲಿ ಮಿಗೆಲ್ ದೆ ಇಕಾಸಾ ಮತ್ತು ಫೆಡೆರಿಕೊ ಮೆನಾ ಗ್ನೋಮ್ ಆರಂಭಿಸಿದರು; ಅದು ಜಿಟಿಕೆ ಎಂಬ ಟೂಲ್‌ಕಿಟ್ಟನ್ನು ಆಧರಿಸಿತು. ಪರವಾನಗಿಯ ಜಗಳ ಎಂದೋ ಮುಗಿದರೂ ಕ್ಯೂಟಿ ಮತ್ತು ಜಿಟಿಕೆ ಎಂಬ ಎರಡು ಕುಟುಂಬಗಳು ಉಳಿದುಕೊಂಡವು. ಒಂದು ಕುಟುಂಬದ ತಂತ್ರಾಂಶ ಇನ್ನೊಂದರ ಡೆಸ್ಕ್‌ಟಾಪಿನಲ್ಲಿ ಧಾರಾಳವಾಗಿ ಓಡುತ್ತದೆ, ನೋಟದಲ್ಲಿ ಸ್ವಲ್ಪ ಪರಕೀಯವಾಗಿ ಕಾಣುತ್ತದೆ ಎಂಬುದಷ್ಟೇ ತಕರಾರು.

ಇಂದಿನ ಗ್ನೋಮ್ ಅಭಿಪ್ರಾಯವುಳ್ಳ ಡೆಸ್ಕ್‌ಟಾಪ್. ಕೆಲಸದ ಹರಿವು ಹೇಗಿರಬೇಕು ಎಂದು ಅದನ್ನು ಕಟ್ಟಿದವರು ತೀರ್ಮಾನಿಸಿದ್ದಾರೆ: ಕೆಳಗೆ ಕಿಟಕಿಗಳ ಪಟ್ಟಿಯಿಲ್ಲ, ಕಿಟಕಿಯನ್ನು ಕಿರಿದಾಗಿಸುವ ಗುಂಡಿ ಮೊದಲಿಗೆ ಇರುವುದಿಲ್ಲ, ಎಲ್ಲವೂ ಒಂದು ಕೀಲಿ ಒತ್ತಿದಾಗ ತೆರೆಯುವ ಅವಲೋಕನದ ಮೂಲಕ. ಒಪ್ಪಿಕೊಂಡವರಿಗೆ ಅದು ಬಲು ಹಿತವಾಗಿದೆ. ಒಪ್ಪದವರು ವಿಸ್ತರಣೆಗಳನ್ನು ಒಂದರ ಮೇಲೊಂದು ಪೇರಿಸಿ ಅದನ್ನು ಬೇರೆಯದನ್ನಾಗಿ ಮಾಡಲು ಹೊರಡುತ್ತಾರೆ, ಆರು ತಿಂಗಳಿಗೊಮ್ಮೆ ಬರುವ ಹೊಸ ಆವೃತ್ತಿ ಅವುಗಳಲ್ಲಿ ಕೆಲವನ್ನು ಮುರಿಯುತ್ತದೆ. ಮೂರಕ್ಕಿಂತ ಹೆಚ್ಚು ವಿಸ್ತರಣೆ ಬೇಕೆನಿಸಿದವರಿಗೆ ಬೇಕಿರುವುದು ಗ್ನೋಮ್ ಅಲ್ಲ ಎಂಬುದು ನನ್ನ ಅಭಿಪ್ರಾಯ. ಪ್ಲಾಸ್ಮಾ ಇದಕ್ಕೆ ಎದುರು ತುದಿ. ವಿಂಡೋಸ್ ಬಳಸಿ ಬಂದವರಿಗೆ ಪರಿಚಿತವಾದ ನೋಟ, ಎಲ್ಲವನ್ನೂ ಬದಲಿಸಿಕೊಳ್ಳುವ ಸ್ವಾತಂತ್ರ್ಯ, ಬೇರೆ ಬೇರೆ ಅಳತೆಯ ಮಾನಿಟರುಗಳನ್ನೂ ಎಚ್‌ಡಿಆರ್ ಅನ್ನೂ ಮುಂಚೂಣಿಯಲ್ಲಿ ನಿಂತು ಬೆಂಬಲಿಸುವ ಹುರುಪು. ಸೆಟ್ಟಿಂಗ್ಸ್ ಪುಟಗಳ ಕಾಡಿನಲ್ಲಿ ದಾರಿ ತಪ್ಪುವುದು ಅದರ ಬೆಲೆ.

2011ರಲ್ಲಿ ಗ್ನೋಮ್ 3 ಹಳೆಯ ವಿನ್ಯಾಸವನ್ನು ಒಮ್ಮೆಲೇ ಬಿಟ್ಟುಕೊಟ್ಟಾಗ ಎದ್ದ ಅಸಮಾಧಾನದಿಂದ ಎರಡು ಕವಲುಗಳು ಹುಟ್ಟಿದವು. ಗ್ನೋಮ್ 2ನ್ನೇ ಮುಂದುವರಿಸಿದ್ದು ಮಾಟೆ. ಹೊಸ ತಂತ್ರಜ್ಞಾನದ ಮೇಲೆ ಹಳೆಯ ಬಗೆಯ ಡೆಸ್ಕ್‌ಟಾಪ್ ಕಟ್ಟಿದ್ದು ಲಿನಕ್ಸ್ ಮಿಂಟ್ ಬಳಗದ ಸಿನಮನ್. ಅವುಗಳಿಗಿಂತ ಹಳೆಯದಾದ ಎಕ್ಸ್‌ಎಫ್‌ಸಿಇ ಹಗುರವೂ ಸ್ಥಿರವೂ ಆಗಿದೆ. ಅದರ ಆವೃತ್ತಿಗಳ ನಡುವೆ ವರ್ಷಗಳೇ ಉರುಳುತ್ತವೆ, ಅದನ್ನು ಮೆಚ್ಚುವವರಿಗೆ ಅದೇ ಅದರ ಗುಣ. ಎಲ್‌ಎಕ್ಸ್‌ಕ್ಯೂಟಿ ಇನ್ನೂ ಹಗುರ. ಈ ಗುಂಪಿನವೆಲ್ಲ ಎಕ್ಸ್‌ನಲ್ಲಿ ಬೇರೂರಿದವು. ವೇಲ್ಯಾಂಡ್ ಬೆಂಬಲ ಹಂತಹಂತವಾಗಿ ಬರುತ್ತಿದೆ: ಸಿನಮನ್ 6.0 ಮತ್ತು 2024ರ ಕೊನೆಗೆ ಬಂದ ಎಕ್ಸ್‌ಎಫ್‌ಸಿಇ 4.20 ಎರಡೂ ಅದನ್ನು ಪ್ರಾಯೋಗಿಕವೆಂದೇ ಕರೆದಿವೆ. ಕಿಟಕಿಗಳು ಒಂದರ ಮೇಲೊಂದು ಬೀಳದೆ ಹೆಂಚಿನಂತೆ ತಾವಾಗಿಯೇ ಹೊಂದಿಕೊಳ್ಳಬೇಕು, ಎಲ್ಲವೂ ಕೀಲಿಮಣೆಯಿಂದಲೇ ನಡೆಯಬೇಕು ಎನ್ನುವವರಿಗೆ ಎಕ್ಸ್‌ನಲ್ಲಿ ಐ3, ವೇಲ್ಯಾಂಡ್‌ನಲ್ಲಿ ಸ್ವೇ ಇವೆ. ಐ3ಗಾಗಿ ಬರೆದ ಸಂರಚನಾ ಕಡತವನ್ನು ಸ್ವೇ ಬಹುಮಟ್ಟಿಗೆ ಹಾಗೆಯೇ ಓದುತ್ತದೆ. ಆದರೆ ಇವು ಪೂರ್ಣ ಪರಿಸರಗಳಲ್ಲ. ಬೀಗ, ಅಧಿಸೂಚನೆ, ವೈಫೈ ಸೂಚಕ ಎಲ್ಲವನ್ನೂ ಬಳಕೆದಾರರೇ ಹುಡುಕಿ ಜೋಡಿಸಬೇಕು.

ಯಂತ್ರ ಹಳತಾಗಿದ್ದರೆ ಹಗುರವಾದ ಡೆಸ್ಕ್‌ಟಾಪ್ ಹಾಕಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಸ್ಮರಣೆ ತೀರಾ ಕಡಿಮೆಯಿದ್ದಾಗ ಅದು ನಿಜವೂ ಹೌದು. ಆದರೆ ಬ್ರೌಸರಿನಲ್ಲಿ ಹತ್ತು ಟ್ಯಾಬ್ ತೆರೆದ ಮೇಲೆ ಡೆಸ್ಕ್‌ಟಾಪ್ ಉಳಿಸಿದ ಸ್ಮರಣೆ ಲೆಕ್ಕಕ್ಕೇ ಬರುವುದಿಲ್ಲ ಎಂಬುದನ್ನು ಆ ಸಲಹೆ ಮರೆಯುತ್ತದೆ.

ಹಾಗಾದರೆ ಕೇಳಿಕೊಳ್ಳಬೇಕಾದ್ದು ನೋಟದ ಬಗೆಗಲ್ಲ, ನಿತ್ಯದ ಕೆಲಸದ ಬಗೆಗೆ. ಭಿನ್ನ ಅಳತೆಯ ಎರಡು ಮಾನಿಟರುಗಳಿದ್ದರೆ ಪ್ಲಾಸ್ಮಾ ಅಥವಾ ಗ್ನೋಮ್, ಅದೂ ವೇಲ್ಯಾಂಡ್‌ನಲ್ಲಿ. ಕೀಲಿಗಳನ್ನು ಅನುಕರಿಸುವ ಸ್ವಂತ ಸ್ಕ್ರಿಪ್ಟುಗಳ ಮೇಲೆ ಕೆಲಸ ನಿಂತಿದ್ದರೆ, ಅವನ್ನು ಮರುಬರೆಯುವವರೆಗೆ ಎಕ್ಸ್‌ಎಫ್‌ಸಿಇ ಅಥವಾ ಸಿನಮನ್. ದೂರದಿಂದ ಇಡೀ ಡೆಸ್ಕ್‌ಟಾಪ್ ತಲುಪಬೇಕಾದರೆ ಗ್ನೋಮ್ ಮತ್ತು ಪ್ಲಾಸ್ಮಾ ಎರಡರಲ್ಲೂ ಆರ್‌ಡಿಪಿ ಸೌಲಭ್ಯ ಒಳಗೇ ಇದೆ. ಓರ್ಕಾ ಪರದೆ ಓದುಗವನ್ನು ಅವಲಂಬಿಸಿದವರು ಗ್ನೋಮ್‌ನಿಂದ ಆರಂಭಿಸುವುದು ಒಳ್ಳೆಯದು, ಓರ್ಕಾದ ಅಭಿವೃದ್ಧಿ ಕೆಲಸ ಹೆಚ್ಚಾಗಿ ನಡೆಯುವುದು ಅಲ್ಲೇ. ಲ್ಯಾಟಿನ್ ಅಲ್ಲದ ಲಿಪಿಗಳಲ್ಲಿ ಬರೆಯುವವರು ಇನ್ನೊಂದನ್ನು ಗಮನಿಸಬೇಕು: ಗ್ನೋಮ್‌ನಲ್ಲಿ ಐಬಸ್ ಎಂಬ ಲಿಪಿ ಟೈಪಿಸುವ ಸಲಕರಣೆ ಡೆಸ್ಕ್‌ಟಾಪಿನೊಂದಿಗೇ ಬೆಸೆದುಕೊಂಡಿದೆ, ಕೀಲಿಮಣೆಯ ಸೆಟ್ಟಿಂಗ್ಸ್‌ನಲ್ಲಿ ಭಾಷೆ ಸೇರಿಸಿದರೆ ಸಾಕು. ಪ್ಲಾಸ್ಮಾದ ವೇಲ್ಯಾಂಡ್ ಅಧಿವೇಶನದಲ್ಲಿ ಅಂಥದೇ ಇನ್ನೊಂದು ಸಲಕರಣೆಯಾದ ಎಫ್‌ಸಿಐಟಿಎಕ್ಸ್ 5 ಬಳಸಬೇಕಾದರೆ ಸೆಟ್ಟಿಂಗ್ಸ್‌ನ ‘ವರ್ಚುವಲ್ ಕೀಬೋರ್ಡ್’ ಪುಟಕ್ಕೆ ಹೋಗಿ ಅದನ್ನು ಆರಿಸಬೇಕು. ಭೌತಿಕ ಕೀಲಿಮಣೆಯಲ್ಲಿ ಟೈಪ್ ಮಾಡುವ ಸೌಲಭ್ಯ ಆ ಹೆಸರಿನ ಪುಟದಲ್ಲಿ ಅಡಗಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ.

ತೀರ್ಮಾನಕ್ಕೆ ಮುನ್ನ ಲೈವ್ ಯುಎಸ್‌ಬಿಯಿಂದ (ಅಳವಡಿಸದೆಯೇ ವ್ಯವಸ್ಥೆಯನ್ನು ಓಡಿಸುವ ಪೆನ್‌ಡ್ರೈವ್) ಓಡಿಸಿ ನೋಡುವುದು ವಾಡಿಕೆ. ಫೆಡೋರಾ, ಉಬುಂಟು, ಮಿಂಟ್ ಎಲ್ಲವೂ ಬೇರೆ ಬೇರೆ ಡೆಸ್ಕ್‌ಟಾಪಿನ ಆವೃತ್ತಿಗಳನ್ನು ಕೊಡುತ್ತವೆ. ಪರೀಕ್ಷಿಸಬೇಕಾದ್ದು ವಾಲ್‌ಪೇಪರ್ ಅಲ್ಲ. ಎರಡನೆಯ ಮಾನಿಟರ್ ಜೋಡಿಸಿ ಬಿಚ್ಚಿ ನೋಡಿ, ಲ್ಯಾಪ್‌ಟಾಪ್ ಮುಚ್ಚಿ ತೆರೆಯಿರಿ, ಬ್ರೌಸರಿನಲ್ಲಿ ಪರದೆ ಹಂಚಿ ನೋಡಿ, ನಿಮ್ಮ ಲಿಪಿಯಲ್ಲಿ ಒಂದು ಸಾಲು ಟೈಪ್ ಮಾಡಿ. ಓಡುತ್ತಿರುವುದು ಎಕ್ಸೋ ವೇಲ್ಯಾಂಡೋ ಎಂಬುದು ಗ್ನೋಮ್ ಸೆಟ್ಟಿಂಗ್ಸ್‌ನ ವ್ಯವಸ್ಥೆಯ ವಿವರಗಳಲ್ಲಿ, ಪ್ಲಾಸ್ಮಾದಲ್ಲಿ ‘ಈ ವ್ಯವಸ್ಥೆಯ ಕುರಿತು’ ಪುಟದಲ್ಲಿ ನಮೂದಾಗಿರುತ್ತದೆ.

ಈಗಾಗಲೇ ಅಳವಡಿಸಿದ ವ್ಯವಸ್ಥೆಯಲ್ಲಿ ಎರಡನೆಯ ಡೆಸ್ಕ್‌ಟಾಪ್ ಸೇರಿಸಿ ನೋಡುವುದೂ ಸಾಧ್ಯ, ಆದರೆ ಅದರ ಜೊತೆ ಎರಡನೆಯ ಫೈಲ್ ಮ್ಯಾನೇಜರ್, ಎರಡನೆಯ ಟರ್ಮಿನಲ್, ಪಾಸ್‌ವರ್ಡ್ ಕಾಯುವ ಎರಡನೆಯ ಪೆಟ್ಟಿಗೆ ಎಲ್ಲವೂ ಬಂದು ಮೆನು ತುಂಬುತ್ತದೆ. ಎರಡೂ ಡೆಸ್ಕ್‌ಟಾಪ್‌ಗಳು ಹೋಮ್ ಫೋಲ್ಡರಿನ ಅದೇ ಅಡಗಿದ ಕಡತಗಳಲ್ಲಿ ತಮ್ಮ ತಮ್ಮ ಆಯ್ಕೆಗಳನ್ನು ಬರೆಯುವುದರಿಂದ ಒಂದರಲ್ಲಿ ಬದಲಿಸಿದ ಥೀಮ್ ಇನ್ನೊಂದರಲ್ಲಿ ವಿಕಾರವಾಗಿ ಕಾಣಿಸಿಕೊಳ್ಳುತ್ತದೆ. ಹೊಸದೊಂದು ಬಳಕೆದಾರರ ಖಾತೆ ತೆರೆದು ಅದರಲ್ಲಿ ಮಾತ್ರ ಹೊಸ ಡೆಸ್ಕ್‌ಟಾಪಿಗೆ ಲಾಗಿನ್ ಆದರೆ ಈ ಗೊಂದಲ ತಪ್ಪುತ್ತದೆ; ಬೇಡವೆನಿಸಿದ ದಿನ ಖಾತೆಯನ್ನು ಅಳಿಸಿ, ಅಳವಡಿಸುವಾಗ ಬಂದ ಪ್ಯಾಕೇಜುಗಳ ಪಟ್ಟಿಯನ್ನು ಪ್ಯಾಕೇಜ್ ಮ್ಯಾನೇಜರಿನ ದಾಖಲೆಯಲ್ಲಿ ನೋಡಿ ಅಷ್ಟನ್ನೇ ತೆಗೆದುಹಾಕಬಹುದು.